ಭಾನುವಾರ ಮಾತ್ರ ಕೆಡುವ ಕಾರು

"ಅತ್ತೆ, ನನ್ನನ್ನ ಯಾರೋ ಕೊಲ್ಲೋಕೆ ನೋಡ್ತಿದ್ದಾರೆ."

ಕನ್ನಡಕದಂಗಡಿಯವರು ಈ ಮಾತು ಹೇಳಿದಾಗ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಕೈ ನಿಲ್ಲಲಿಲ್ಲ.

"ಕೂತ್ಕೊಳ್ಳಿ. ಕೊಲ್ಲೋದು ಅಂದ್ರೆ ಹುಡುಗಾಟದ ಮಾತಲ್ಲ. ಮೊದಲಿಂದ ಹೇಳಿ" ಎಂದರು.

ಅದೊಂದು ಶುಕ್ರವಾರದ ಬೆಳಿಗ್ಗೆ. ಬೀದಿಯ ಮೇಲೆ ಹಾಲಿನಂಥ ಮಂಜು ಕವಿದಿತ್ತು. ಎದುರು ಮನೆಯ ಗೇಟು ಕೂಡ ಯಾರೋ ಕಂಡು ಮರೆತ ಕನಸಿನಂತೆ ಅರ್ಧ ಮಾತ್ರ ಕಾಣುತ್ತಿತ್ತು. ಬಂದವರ ಹಣೆಯ ಮೇಲೆ ಒಂದು ನೀಲಿ ಬಾವು ಇತ್ತು.

ಅತ್ತೆ ನನ್ನ ಅಪ್ಪನ ಅಕ್ಕ. ಮೂವತ್ತೆರಡು ವರ್ಷ ವಿಮಾ ಕಚೇರಿಯೊಂದರಲ್ಲಿ ಸರ್ವೇಯರ್ ಆಗಿದ್ದವರು. ಅಪಘಾತವಾದ ಗಾಡಿಗಳನ್ನು ನೋಡಿ, ಇದು ತಾನಾಗಿ ಆದದ್ದೋ ಯಾರಾದರೂ ಮಾಡಿದ್ದೋ ಎಂದು ವರದಿ ಬರೆಯುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ಜೊತೆಗೆ ಮಂಡಿನೋವು ಬಂತೇ ಹೊರತು ಆ ಕಣ್ಣು ಮಂಕಾಗಲಿಲ್ಲ. ಬೀದಿಯಲ್ಲಿ ಏನು ಕಳೆದರೂ, ಏನು ಕೆಟ್ಟರೂ ಜನ ನಮ್ಮ ಬಾಗಿಲು ತಟ್ಟುತ್ತಿದ್ದರು. ಚಿಕ್ಕವರಿಗೂ ದೊಡ್ಡವರಿಗೂ ಅವರು ಅತ್ತೆಯೇ. ನಾನು ಅವರ ಜೊತೆಯಲ್ಲೇ ಇದ್ದು ಪುಸ್ತಕಗಳ ಕರಡು ತಿದ್ದುತ್ತೇನೆ. ಒಂದು ಅಕ್ಷರ ಬಿಟ್ಟುಹೋಗಿದ್ದರೆ ನನ್ನ ಕಣ್ಣಿಗೆ ಚುಚ್ಚುತ್ತದೆ. ಎದುರಿಗೆ ಕೂತವರು ಸುಳ್ಳು ಹೇಳಿದರೆ ಮಾತ್ರ ಗೊತ್ತೇ ಆಗುವುದಿಲ್ಲ. ಅದನ್ನು ಅತ್ತೆ ನೋಡಿಕೊಳ್ಳುತ್ತಿದ್ದರು.

ಕನ್ನಡಕದವರ ಕತೆಯೆಲ್ಲ ಅವರ ಕಾರಿನದು. ಎರಡೇ ಸೀಟಿನ, ಮೇಲಿನ ಹೊದಿಕೆ ಮಡಚಿಡಬಹುದಾದ ಹಳೆಯ ಸ್ಪೋರ್ಟ್ಸ್ ಕಾರು. ಅಪ್ಪ ತೀರಿಕೊಂಡಾಗ ಅಣ್ಣತಮ್ಮಂದಿರಿಬ್ಬರ ಪಾಲಿಗೂ ಸೇರಿ ಬಂದದ್ದು. ಆರು ವರ್ಷ ಇವರೊಬ್ಬರೇ ಮನೆಯ ಶೆಡ್ಡಿನಲ್ಲಿ ಒಂದೊಂದು ಭಾಗ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿ ಅದಕ್ಕೆ ಜೀವ ಕೊಟ್ಟಿದ್ದರು. ಅಂಗಡಿಗೆ ನಡೆದೇ ಹೋಗುವ ಅವರು ಕಾರು ತೆಗೆಯುತ್ತಿದ್ದದ್ದು ಭಾನುವಾರ ಬೆಳಿಗ್ಗೆ ಮಾತ್ರ.

"ಮೂರು ಭಾನುವಾರದಿಂದ ಕಾರು ಸ್ಟಾರ್ಟೇ ಆಗ್ತಿಲ್ಲ ಅತ್ತೆ. ಮೊದಲ್ನೇ ವಾರ ಬ್ಯಾಟರಿ ವೈರು ಸಡಿಲ. ಎರಡನೇ ವಾರ ಕಿಡಿ ಹಂಚೋ ಡಬ್ಬಿ ಇದೆಯಲ್ಲ, ಅದರೊಳಗೆ ತಿರುಗೋ ರೋಟರೇ ಮಾಯ. ಎರಡು ದಿನ ಬಿಟ್ಟು ನನ್ನ ಸಾಮಾನಿನ ಡ್ರಾಯರಲ್ಲೇ ಸಿಕ್ತು. ಮೂರನೇ ವಾರ ಅದೇ ಡಬ್ಬಿಯಲ್ಲಿ ಕರೆಂಟು ಹಾಯೋ ಪಾಯಿಂಟ್ ಮಧ್ಯೆ ಒಂದು ಕಾಗದದ ಚೂರು. ಪ್ರತಿ ಸಲ ಏನಾಗಿದೆ ಅಂತ ಕಂಡುಹಿಡಿಯೋ ಹೊತ್ತಿಗೆ ಮಧ್ಯಾಹ್ನ."

"ವಾರದ ಮಧ್ಯೆ?"

"ಅದೇ ವಿಚಿತ್ರ. ಹೋದ ವಾರ ತಮ್ಮ ಹೊಗೆ ತಪಾಸಣೆಗೆ ಅಂತ ಓಡಿಸ್ಕೊಂಡು ಹೋಗಿ ಬಂದ. ಒಂದು ಕೆಮ್ಮೂ ಇಲ್ಲ! ನನ್ನ ಮೇಲೇ ಹಗೆ ಅದಕ್ಕೆ."

"ಹಣೆಗೆ ಈ ಏಟು ಯಾವಾಗ ಬಿತ್ತು?"

"ನಿನ್ನೆ..." ಎಂದು ಅವರು ಬಾಯಿ ತೆರೆದರು. ಮಾತು ಬರಲಿಲ್ಲ. ಕಿಟಕಿಯ ಮಂಜನ್ನೇ ನೋಡುತ್ತಾ ಕೂತುಬಿಟ್ಟರು. ಪಾಪ, ಎಷ್ಟು ಹೆದರಿದ್ದಾರೆ ಎಂದು ಮರುಗಿದೆ. ಅತ್ತೆಯ ಕೈ ಮೊದಲ ಸಲ ನಿಂತಿತು. ಅವರು ಗೋಡೆಯ ಗಡಿಯಾರ ನೋಡಿದರು, ಬಂದವರ ಮುಖ ನೋಡಿದರು, ಮತ್ತೆ ಗಡಿಯಾರ ನೋಡಿದರು.

"ನಿನ್ನೆ ಗುರುವಾರ" ಎಂದು ಕನ್ನಡಕದವರು ಮುಂದುವರಿಸಿದರು, ನಡುವೆ ಏನೂ ಆಗಿಲ್ಲವೆಂಬಂತೆ. "ಬುಧವಾರ ಎಡಗಡೆ ಹಿಂದಿನ ಚಕ್ರದ ಬ್ರೇಕ್ ಕೆಲಸ ಮಾಡಿದ್ದೆ. ಸರಿಯಾಗಿದೆಯಾ ನೋಡೋಣ ಅಂತ ಯಾರಿಗೂ ಹೇಳ್ದೆ ಬೆಳಿಗ್ಗೆ ತೆಗೆದೆ. ಶೆಡ್ಡಿಂದ ಗೇಟಿನವರೆಗೆ ಇಳಿಜಾರು ನೋಡಿ. ಬ್ರೇಕ್ ಒತ್ತಿದ್ರೆ ಕಾಲು ಸೀದಾ ತಳಕ್ಕೆ! ಗೇಟಿನ ಕಂಬಕ್ಕೆ ಹೋಗಿ ಗುದ್ದಿದೆ. ಕಂಬ ಇಲ್ದಿದ್ರೆ ರಸ್ತೆ, ರಸ್ತೆಯಲ್ಲಿ ಲಾರಿ. ಈ ಭಾನುವಾರ ಹಳೇ ಕಾರಿನವರೆಲ್ಲ ಸೇರಿ ಬೆಟ್ಟದ ರಸ್ತೆಗೆ ಹೋಗೋರಿದ್ದೇವೆ. ಅಲ್ಲಿ ಹೀಗಾಗಿದ್ರೆ?"

"ಮನೆಯವರಿಗೆ ಕಾರಂದ್ರೆ ಹೇಗೆ?"

ಅವರು ಮುಖ ಸಿಂಡರಿಸಿದರು. "ಮೊದಲು ಜೊತೆಗೆ ಬರೋಳು. ಒಂದೂವರೆ ತಿಂಗಳ ಹಿಂದೆ ಹೊಳೆ ತಿರುವಿನಲ್ಲಿ ಸುಮ್ಸುಮ್ನೆ ಸ್ಟೀರಿಂಗ್‌ಗೆ ಕೈ ಹಾಕಿ ಎಳೆದುಬಿಟ್ಲು. ಬೈದೆ. ಮೂರು ದಿನ ಮಾತು ಬಿಟ್ವಿ. ಅವತ್ತಿಂದ ಕಾರು ಹತ್ಲಿಲ್ಲ."

ಆ ಮಾತಿನ ಕೆಳಗೆ ನಾನು ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡೆ.

*

ಆ ಶೆಡ್ಡು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮಂಜು ಕರಗಿ, ಎತ್ತರದ ಕಿಟಕಿಯಿಂದ ಬಿಸಿಲಿನ ಒಂದು ಕೋಲು ಓರೆಯಾಗಿ ಇಳಿದಿತ್ತು. ಅದರೊಳಗೆ ಧೂಳಿನ ಕಣಗಳು ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು. ಎಣ್ಣೆ, ರಬ್ಬರು, ಹಳೆಯ ಚರ್ಮದ ಸೀಟು, ಇವೆಲ್ಲ ಸೇರಿದ ವಾಸನೆ. ನಡುವೆ ಆ ಕಾರು, ಕಡುಹಸಿರು ಬಣ್ಣದ್ದು, ನಿದ್ದೆಹೋದ ಪ್ರಾಣಿಯಂತೆ ತಗ್ಗಾಗಿ ಮಲಗಿತ್ತು. ಮುಂದಿನ ಬಂಪರು ಮಾತ್ರ ಸೊಟ್ಟಗಾಗಿತ್ತು. ಅಲ್ಲಿ ನಿಂತರೆ ಹೊರಗಿನ ಹೊತ್ತು ಯಾವುದೆಂದೇ ತಿಳಿಯುತ್ತಿರಲಿಲ್ಲ.

ಕನ್ನಡಕದವರ ತಮ್ಮ ಆಗಲೇ ಬಂದಿದ್ದ. ಊರ ಆಚೆ ಸ್ವಂತ ಗ್ಯಾರೇಜು ಇಟ್ಟುಕೊಂಡ ಮೆಕ್ಯಾನಿಕ್ ಅವನು. ಅತ್ತೆಗೆ ನಮಸ್ಕಾರ ಹೇಳಿ, "ನಾನಂತೂ ಈ ಕಾರು ಮಾರಿಬಿಡೋಣ ಅಂತ ಅಣ್ಣನಿಗೆ ಎರಡು ವರ್ಷದಿಂದ ಬಡ್ಕೋತಿದ್ದೀನಿ. ಕೊಳ್ಳೋರೂ ಇದ್ದಾರೆ. ಪ್ರಾಣಕ್ಕೇ ಬಂತು ನೋಡಿ" ಎಂದ.

"ಶೆಡ್ಡಿನ ಕೀಲಿ ಯಾರ್ಯಾರ ಹತ್ರ ಇದೆ?" ಎಂದು ಅತ್ತೆ ಕೇಳಿದರು.

"ಒಂದು ಅಣ್ಣನ ಜೇಬಲ್ಲಿ, ಒಂದು ಅಡುಗೆಮನೆ ಗೂಟದಲ್ಲಿ, ಒಂದು ನನ್ನ ಹತ್ರ."

ಆಗ ಬಾಗಿಲಾಚೆ ಕಾಂಪೌಂಡ್ ಗೋಡೆಯ ಮೇಲಿಂದ ಒಂದು ತಲೆ ಕಂಡಿತು. ಪಕ್ಕದ ಮನೆಯ ಪಿಟೀಲು ಮೇಷ್ಟ್ರು. "ಆ ಡಬ್ಬ ಇನ್ನೂ ಸತ್ತಿಲ್ವಾ? ಭಾನುವಾರ ಬೆಳಿಗ್ಗೆ ನನ್ನ ಶಿಷ್ಯರು ಶ್ರುತಿ ಕೂಡಿಸೋ ಹೊತ್ತಿಗೇ ಅದು ಗುರ್ ಅನ್ನುತ್ತೆ. ಒಂದಿನ ನಾನೇ ಅದನ್ನ ಮುಗಿಸ್ತೀನಿ!"

"ಮೂರು ಭಾನುವಾರದಿಂದ ನಿಮಗೆ ನೆಮ್ಮದಿ ಅಲ್ವಾ ಮೇಷ್ಟ್ರೇ?" ಎಂದರು ಅತ್ತೆ ನಗುತ್ತಾ.

"ಸ್ವರ್ಗ ಕಣ್ರೀ!" ಎಂದು ತಲೆ ಮರೆಯಾಯಿತು.

ಮೇಷ್ಟ್ರ ಕಡೆಯ ಕಿಟಕಿಗೆ ಚಿಲಕವಿರಲಿಲ್ಲ. ಅತ್ತೆ ಅದರ ಹತ್ತಿರ ಹೋಗಿ ನೋಡಿ, ನನಗೂ ತೋರಿಸಿದರು. ಕಟ್ಟೆಯ ಮೇಲೆ ಬೆರಳು ದಪ್ಪದ ಧೂಳು. ಅದರ ಮೇಲೆ ಜೇಡವೊಂದು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನೇಯ್ದ ಬಲೆ ಎಳೆಯೂ ಹರಿಯದೆ ಇತ್ತು.

ಆಮೇಲೆ ಅವರು ಒಂದು ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಕೂತರು. ತಮ್ಮ ಜಾಕ್ ಹಾಕಿ ಎಡಗಡೆಯ ಹಿಂದಿನ ಚಕ್ರ ಬಿಚ್ಚಿದ. ಒಳಗಡೆ ಬ್ರೇಕ್ ಎಣ್ಣೆ ಸೋರಿ ಬಣ್ಣವನ್ನು ತಿಂದಿತ್ತು.

"ಹಳೇ ಕಾರು ಅತ್ತೆ. ನಾಲ್ಕು ಚಕ್ರಕ್ಕೂ ಎಣ್ಣೆಗೆ ಒಂದೇ ದಾರಿ. ಒಂದು ಕಡೆ ಸೋರಿದ್ರೆ ಎಲ್ಲಾ ಬ್ರೇಕೂ ಹೋಯ್ತು. ನೋಡಿ, ಬ್ರೇಕ್ ಕೊಳವೆಯಿಂದ ಗಾಳಿ ತೆಗೆಯೋ ಈ ನಿಪ್ಪಲ್ ಕೈಯಲ್ಲೇ ತಿರುಗ್ತಿದೆ. ಯಾರೋ ಸಡಿಲ ಮಾಡಿದ್ದಾರೆ" ಎಂದ ತಮ್ಮ.

ಅತ್ತೆ ಕೈಚೀಲದಿಂದ ಟಾರ್ಚು, ಹಿಡಿಯಿದ್ದ ಪುಟ್ಟ ದುಂಡು ಕನ್ನಡಿ ಎರಡನ್ನೂ ತೆಗೆದರು. ಆ ನಿಪ್ಪಲನ್ನು ಬಹಳ ಹೊತ್ತು ನೋಡಿದರು. ಬುಧವಾರ ತಾನೇ ಹಾಕಿದ ಹೊಚ್ಚಹೊಸ ಭಾಗ. ಅದರ ಆರು ಮೂಲೆಗಳೂ ಹಳದಿಯಾಗಿ ಹೊಳೆಯುತ್ತಿದ್ದವು, ಒಂದು ಗೀರೂ ಇರಲಿಲ್ಲ. ಆಮೇಲೆ ಮಂಡಿ ಹಿಡಿದುಕೊಂಡು ಉಳಿದ ಮೂರು ಚಕ್ರಗಳ ಹಿಂದೆಯೂ ಕನ್ನಡಿ ತೂರಿಸಿ ನೋಡಿದರು. ಅಲ್ಲಿನ ಮೂಲೆಗಳಲ್ಲಿ ಸ್ಪ್ಯಾನರ್ ಕಚ್ಚಿದ ಗುರುತುಗಳಿದ್ದವು.

ಕೆಲಸದ ಕಟ್ಟೆಯ ಮೇಲೆ ಒಂದು ಸ್ಪ್ಯಾನರು, ನಿಪ್ಪಲಿಗೆ ಮುಚ್ಚುವ ರಬ್ಬರ್ ಟೋಪಿ, ಪಕ್ಕದಲ್ಲಿ ತುಂಬಿದ ಕಾಫಿ ಲೋಟ. ಕೆನೆಗಟ್ಟಿ, ಕೆನೆಯೂ ಒಣಗಿ ಬಿರುಕು ಬಿಟ್ಟಿತ್ತು.

"ಬುಧವಾರದ್ದು" ಎಂದರು ಕನ್ನಡಕದವರು ನಾಚುತ್ತಾ. "ಕುಡಿಯೋಕೆ ಮರೆತೆ. ಕೆಲಸ ಮಾಡೋವಾಗ ನನಗೆ ಲೋಕವೇ ಬೇಡ. ಆ ರೇಡಿಯೋ ಹಾಕಿರ್ತೀನಿ. ಅವರಿಗೂ ಈಚೆಗೆ ಶಿಸ್ತಿಲ್ಲ ಬಿಡಿ. ವಾರ್ತೆ ಓದ್ತಾ ಓದ್ತಾ ಮಧ್ಯದಲ್ಲೇ ಕತ್ತರಿಸಿ ಹಾಡು ಹಾಕಿಬಿಡ್ತಾರೆ."

ಅವರು ಪ್ರತಿ ಕೆಲಸವನ್ನೂ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಮುತ್ತು ಪೋಣಿಸಿದಂಥ ಅಕ್ಷರ. ಅತ್ತೆ ಬುಧವಾರದ ಪುಟವನ್ನು ನನ್ನ ಕೈಗೆ ಕೊಟ್ಟು ಓದಿಸಿದರು. 'ಎಡ ಹಿಂದಿನ ಚಕ್ರ. ಹೊಸ ನಿಪ್ಪಲ್ ಕೈಯಿಂದ ಕೂರಿಸಿ ಗಾಳಿ ತೆಗೆದದ್ದಾಯಿತು. ನಿಪ್ಪಲ್ ಬಿಗಿ' ಎಂದಿತ್ತು. ಆ 'ಬಿಗಿ'ಯ ಕೊನೆಯಿಂದ ಮಸಿಯ ಒಂದು ಗೆರೆ ಸುಮ್ಮನೆ ಕೆಳಗೆ ಇಳಿದುಹೋಗಿತ್ತು. ಕೆಳಗಿನ ಸಾಲು: 'ಚಕ್ರ ಹಾಕಿದ್ದಾಯಿತು.'

"ಒಂದು ಪದ ಬಿಟ್ಟುಹೋಗಿದೆ" ಎಂದೆ ನಾನು, ಅಭ್ಯಾಸಬಲದಿಂದ.

"ಪೆನ್ನು ಸರಿಯಿಲ್ಲ" ಎಂದರು ಕನ್ನಡಕದವರು.

ಕಟ್ಟೆಯ ತುದಿಯಲ್ಲಿ ಕಾರಿನ ರಿಪೇರಿ ಪುಸ್ತಕ ಇತ್ತು. ಹಳೆಯ ಹಾಳೆಗಳು, ಹೊಸ ಬಟ್ಟೆಯ ರಟ್ಟು.

"ಯಾರ ಕೈಗೆಲಸ ಇದು? ಎಷ್ಟು ಚೆನ್ನಾಗಿದೆ!" ಎಂದರು ಅತ್ತೆ.

"ನಮ್ಮನೆಯವಳದ್ದು. ಅವಳು ಬೈಂಡಿಂಗ್ ಮಾಡ್ತಾಳಲ್ಲ, ಹಾಳೆ ಎಲ್ಲ ಉದುರ್ತಿತ್ತು ಅಂತ ಹೋದ ತಿಂಗಳು ಹೊಲಿದುಕೊಟ್ಲು."

ಅತ್ತೆ ಪುಸ್ತಕವನ್ನು ಒಂದು ಕಡೆ ತೆರೆದು, ಓದಿ, ಮುಚ್ಚಿದರು. "ಆ ಕಾಗದದ ಚೂರು, ಆ ರೋಟರು ಸಿಕ್ಕಾಗ ಹೇಗಿತ್ತೋ ಹಾಗೇ ತೋರಿಸಿ" ಎಂದರು. ರೋಟರು ಬಿಳಿ ಬಟ್ಟೆಯಲ್ಲಿ ಸುತ್ತಿ, ಧೂಳು ಕೂರದ ಹಾಗೆ ದಾರ ಕಟ್ಟಿದ ಸ್ಥಿತಿಯಲ್ಲಿ ಸಿಕ್ಕಿತ್ತಂತೆ. ಕಾಗದ ಬೆಂಕಿಕಡ್ಡಿಯಷ್ಟು ಅಗಲದ್ದು, ಅರೆಪಾರದರ್ಶಕ. ಅಂಚುಗಳು ಅಳೆದು ಬ್ಲೇಡಿನಲ್ಲಿ ಕೊಯ್ದಂತೆ ನೇರವಾಗಿದ್ದವು.

ಅಷ್ಟರಲ್ಲಿ ಆ ಮನೆಯಾಕೆ ಕಾಫಿ ತಂದರು. ತೆಳ್ಳಗಿನ, ಮೆಲುಮಾತಿನ ಹೆಂಗಸು. ಬೆರಳ ತುದಿಯಲ್ಲಿ ಅಂಟು ಒಣಗಿತ್ತು. ಲೋಟ ಕೊಡುವಾಗ ಅವರ ಕಣ್ಣು ನಮ್ಮ ಮೇಲಿರಲಿಲ್ಲ; ಗಂಡನ ಮುಖದ ಮೇಲಿತ್ತು. ಏನನ್ನೋ ಎಣಿಸುತ್ತಿರುವ ಹಾಗೆ.

ನಾನು ಆ ಕಾಗದದ ಚೂರನ್ನೂ ಆ ಬೆರಳುಗಳನ್ನೂ ಒಂದೊಂದಾಗಿ ನೋಡಿದೆ.

*

"ಅತ್ತೆ, ಅವಳೇ" ಎಂದೆ ದಾರಿಯಲ್ಲಿ. "ಕಾಗದ ಅವಳ ಕೆಲಸದ್ದು. ಪುಸ್ತಕ ಅವಳ ಕೈಯಲ್ಲಿತ್ತು. ಕೀಲಿ ಅವಳ ಅಡುಗೆಮನೆಯಲ್ಲಿ. ಸ್ಟೀರಿಂಗ್ ಬೇರೆ ಎಳೆದಿದ್ದಾಳೆ! ಪೊಲೀಸರಿಗೆ ಹೇಳಬಾರದಾ?"

"ಅರ್ಧ ಸರಿ" ಎಂದರು ಅತ್ತೆ. "ಅರ್ಧ ಸರಿ ಅಂದ್ರೆ ಪೂರ್ತಿ ತಪ್ಪಿಗಿಂತ ಅಪಾಯ ಕಣೇ."

ಹೊರಡುವ ಮುಂಚೆ ಅವರು ಕನ್ನಡಕದವರನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದ್ದರು. ತಮ್ಮ ಶನಿವಾರ ಬ್ರೇಕೆಲ್ಲ ಸರಿಮಾಡಲಿ. ಆಮೇಲೆ 'ಭಾನುವಾರ ಬೆಟ್ಟಕ್ಕೆ ನಾನೇ ಓಡಿಸಿಕೊಂಡು ಹೋಗ್ತೀನಿ' ಅಂತ ಮನೆಯಲ್ಲೂ ಪಕ್ಕದಲ್ಲೂ ಹೇಳಬೇಕು. ಆದರೆ ಅತ್ತೆ ಬರುವವರೆಗೆ ಸೀಟಿನಲ್ಲಿ ಕೂರಕೂಡದು, ಆಣೆ.

ಮನೆಗೆ ಬಂದು ಅತ್ತೆ ಒಂದು ಚೀಟಿಯಲ್ಲಿ ಏನೋ ಬರೆದು, ಮಡಿಸಿ, ನನಗೆ ಕೊಟ್ಟರು. "ಭಾನುವಾರ ನಾನು ಹೇಳಿದಾಗ ಓದು. ಕದ್ದು ನೋಡಿದ್ರೆ ಕಾಫಿ ಇಲ್ಲ."

ಆಮೇಲೆ ತಮ್ಮ ಹಳೆಯ ಪರಿಚಯದ ಡಾಕ್ಟರೊಬ್ಬರಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು. ಮಂಡಿನೋವಿಗಿರಬೇಕು ಎಂದುಕೊಂಡೆ.

*

ಭಾನುವಾರ ಏಳು ಗಂಟೆಗೆ ನಾವು ಹೋದಾಗ ಮಂಜು ಶೆಡ್ಡಿನ ಬಾಗಿಲಲ್ಲೇ ನಿಂತಿತ್ತು, ಒಳಗೆ ಬರಲೋ ಬೇಡವೋ ಎಂಬಂತೆ. ಅಣ್ಣ, ತಮ್ಮ, ಮನೆಯಾಕೆ ಮೂವರೂ ಇದ್ದರು. ಮೇಷ್ಟ್ರನ್ನು ಅತ್ತೆಯೇ ಕರೆಸಿದರು. ಅವರು ಶಾಲು ಹೊದ್ದು, ಪಿಟೀಲಿನ ಬಿಲ್ಲನ್ನು ಕೈಯಲ್ಲೇ ಹಿಡಿದು ಬಂದರು.

"ನೀನು ಸ್ಟಾರ್ಟ್ ಮಾಡಪ್ಪ" ಎಂದರು ಅತ್ತೆ ತಮ್ಮನಿಗೆ.

ಅವನು ಕೂತು ಕೀಲಿ ತಿರುಗಿಸಿದ. ಎಂಜಿನ್ ಗಿರ್ರೆಂದು ಸುತ್ತಿತು, ಸುತ್ತಿತು, ಹತ್ತಿಕೊಳ್ಳಲಿಲ್ಲ. ಕನ್ನಡಕದವರ ಮುಖ ಬಿಳಿಚಿಕೊಂಡಿತು.

"ಈಗ ಚೀಟಿ ಓದೇ."

ನಾನು ಬಿಚ್ಚಿ ಓದಿದೆ: "ಕಿಡಿ ಹುಟ್ಟಿಸುವ ಕಾಯಿಲ್‌ನಿಂದ ಕಿಡಿ ಡಬ್ಬಿಗೆ ಹೋಗುವ ದಪ್ಪ ವೈರು ಇರುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಎಲ್ಲೋ ಜೋಪಾನವಾಗಿ ಇಟ್ಟಿರುತ್ತಾರೆ."

ತಮ್ಮ ಬಾನೆಟ್ ಎತ್ತಿ ನೋಡಿ, "ಹೌದು, ಇಲ್ಲ!" ಎಂದು ಕೂಗಿದ. ಮೇಷ್ಟ್ರು ಬಿಲ್ಲು ಕೆಳಗೆ ಬೀಳಿಸಿದರು.

"ಇದರಲ್ಲಿ ಮಂತ್ರ ಏನಿಲ್ಲ" ಎಂದು ಅತ್ತೆ ಪೆಟ್ಟಿಗೆಯ ಮೇಲೆ ಕೂತರು. "ರಿಪೇರಿ ಪುಸ್ತಕದಲ್ಲಿ 'ಎಂಜಿನ್ ಸ್ಟಾರ್ಟ್ ಆಗದಿದ್ದಾಗ' ಅಂತ ಒಂದು ಪುಟ ಇದೆ. ಮೊದಲು ಬ್ಯಾಟರಿ ವೈರು ನೋಡಿ ಅನ್ನುತ್ತೆ. ಆಮೇಲೆ ರೋಟರು. ಆಮೇಲೆ ಪಾಯಿಂಟು. ನಾಲ್ಕನೇದು ಕಾಯಿಲ್ ವೈರು. ಇವರ ಕಾರು ಕೆಟ್ಟಿದ್ದು ಆ ಪುಟದ ಸಾಲು ಹಿಡಿದು, ಮೇಲಿಂದ ಕೆಳಗೆ. ಗಾಡಿ ತಾನಾಗಿ ಕೆಟ್ಟರೆ ಪುಸ್ತಕ ನೋಡ್ಕೊಂಡು ಕೆಡಲ್ಲ. ಮೆಕ್ಯಾನಿಕ್ ಕೆಡಿಸಿದ್ರೂ ಪುಸ್ತಕ ನೋಡಲ್ಲ. ಇವನಿಗೆ ಬೇಕಿದ್ರೆ ಅಣ್ಣನಿಗೆ ಆರು ತಿಂಗಳು ಗೊತ್ತಾಗದ ಹಾಗೆ ಕೆಡಿಸಬಲ್ಲ. ಮೇಷ್ಟ್ರಿಗೆ ಕೀಲಿ ಇಲ್ಲ, ಕಿಟಕಿಯ ಜೇಡರ ಬಲೆ ಹರಿದಿಲ್ಲ. ಹಾಗಾಗಿ ಇದು ಕಾರು ಗೊತ್ತಿಲ್ಲದವರು, ಪುಸ್ತಕ ಗೊತ್ತಿದ್ದವರು ಮಾಡಿದ ಕೆಲಸ. ಬಿಚ್ಚಿದ್ದನ್ನ ಎಸೆಯದೆ, ಧೂಳು ಕೂರದ ಹಾಗೆ ಬಟ್ಟೆ ಸುತ್ತಿ ಇಟ್ಟಿದ್ದಾರೆ. ಕಾರಿನ ಮೇಲೆ ದ್ವೇಷ ಇದ್ದವರು ಹಾಗೆ ಮಾಡ್ತಾರಾ?"

ಮನೆಯಾಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ನೀನು ಕೂತ್ಕೊಮ್ಮ" ಎಂದರು ಅತ್ತೆ ಮೆಲ್ಲಗೆ. ಆಕೆ ಕೂರಲಿಲ್ಲ.

"ನೀನಾ?" ಎಂದರು ಕನ್ನಡಕದವರು. ದನಿಯಲ್ಲಿ ಸಿಟ್ಟಿಗಿಂತ ದಿಗ್ಭ್ರಮೆಯೇ ಹೆಚ್ಚಿತ್ತು. "ನೀನಾ ನನ್ನ ಬ್ರೇಕು..."

"ನಾನು ಬ್ರೇಕು ಮುಟ್ಟಿಲ್ಲ ರೀ! ನಿಮ್ಮಾಣೆಗೂ ಮುಟ್ಟಿಲ್ಲ!"

"ಮುಟ್ಟಿಲ್ಲ" ಎಂದರು ಅತ್ತೆ. "ಆ ನಾಲ್ಕು ಕೆಲಸವೂ ಕಾರು ಹೊರಡದ ಹಾಗೆ ಮಾಡೋದು. ಬ್ರೇಕು ಕೆಡಿಸೋದು ಕಾರು ನಿಲ್ಲದ ಹಾಗೆ ಮಾಡೋದು. ಎರಡಕ್ಕೂ ಅಜಗಜಾಂತರ. ಕಾರು ಮನೆ ಬಿಟ್ಟು ಹೋಗಬಾರದು ಅಂತ ಇಷ್ಟು ಕಷ್ಟಪಡೋಳು ಅದರ ಬ್ರೇಕು ಯಾಕೆ ತೆಗೀತಾಳೆ? ಗುರುವಾರ ನೀವು ಕಾರು ತೆಗೀತೀರಿ ಅಂತ ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ಅವತ್ತೂ ಕಾರು ಸ್ಟಾರ್ಟ್ ಆಗ್ತಿರಲಿಲ್ಲ."

"ಹಾಗಾದ್ರೆ ನಿಪ್ಪಲ್ ಸಡಿಲ ಮಾಡಿದ್ದು ಯಾರು?" ಎಂದ ತಮ್ಮ.

"ಯಾರೂ ಇಲ್ಲ. ಸಡಿಲ ಮಾಡಬೇಕಾದ್ರೆ ಮೊದಲು ಬಿಗಿ ಮಾಡಿರಬೇಕಲ್ಲಪ್ಪ. ಮಿಕ್ಕ ಮೂರರ ಮೂಲೆಯಲ್ಲೂ ಸ್ಪ್ಯಾನರ್ ಕಚ್ಚಿದ ಗುರುತಿದೆ. ಈ ಹೊಸದರ ಮೈ ಕನ್ನಡಿ ಹಾಗಿದೆ. ಅದಕ್ಕೆ ಸ್ಪ್ಯಾನರ್ ಸೋಕಿಯೇ ಇಲ್ಲ. ಕೈಯಲ್ಲಿ ತಿರುಗಿಸಿ ಅಲ್ಲಿಗೇ ಬಿಟ್ಟಿದ್ದು. ಜೋರಾಗಿ ಒತ್ತಿದಾಗ ಎಣ್ಣೆ ಕಿತ್ಕೊಂಡು ಬಂತು. ಟೋಪಿ ಕಟ್ಟೆ ಮೇಲೇ ಉಳೀತು, ಸ್ಪ್ಯಾನರೂ ಉಳೀತು."

"ನಾನು ಬಿಗಿ ಮಾಡಿದ್ದೀನಿ" ಎಂದರು ಕನ್ನಡಕದವರು. "ಬರೆದೂ ಇದ್ದೀನಿ."

"'ಬಿಗಿ' ಅಂತ ಬರೆದಿದ್ದೀರಿ. 'ಮಾಡಿದ್ದಾಯಿತು' ಅಂತ ಬರೆದಿಲ್ಲ. ಆ ಅಕ್ಷರದ ಹತ್ರ ನಿಮ್ಮ ಕೈ ನಿಂತು, ಪೆನ್ನು ತಾನಾಗಿ ಜಾರಿದೆ. ಮತ್ತೆ ನೀವು ಬರೆಯೋಕೆ ಶುರು ಮಾಡಿದಾಗ ಆ ಕೆಲಸ ಆಗಿಹೋಗಿದೆ ಅಂದ್ಕೊಂಡ್ರಿ. ಕಾಫಿ ಮರೆತೇಹೋಗಿತ್ತು. ರೇಡಿಯೋದಲ್ಲಿ ವಾರ್ತೆ ಹೋಗಿ ಹಾಡು ಬಂದಿತ್ತು. ರೇಡಿಯೋದವರು ವಾರ್ತೆ ಕತ್ತರಿಸಲ್ಲ ಸ್ವಾಮಿ. ಆ ಹೊತ್ತು ನೀವು ಇಲ್ಲಿರಲಿಲ್ಲ. ಶುಕ್ರವಾರ ನಮ್ಮನೇಲಿ ಮಾತಾಡ್ತಾ ಮಾತಾಡ್ತಾ ಹನ್ನೊಂದು ಸೆಕೆಂಡು ಕಿಟಕಿ ನೋಡ್ತಾ ಕೂತಿರಿ. ನಾನು ಗಡಿಯಾರ ನೋಡ್ದೆ. ನಿಮ್ಮ ಕಣ್ಣು ರೆಪ್ಪೆ ಬಡೀಲಿಲ್ಲ. ಆಮೇಲೆ ಏನೂ ಆಗದವರ ಹಾಗೆ ಮುಂದುವರಿಸಿದ್ರಿ. ನಿಮಗೆ ನೆನಪಿದೆಯಾ?"

ಕನ್ನಡಕದವರು ನಿಧಾನವಾಗಿ ತಲೆ ಅಲ್ಲಾಡಿಸಿದರು. ಇಲ್ಲ.

ಅವರ ಹೆದರಿಕೆಗೆ ಮರುಗಿದ ನನಗೆ ಆ ಹನ್ನೊಂದು ಸೆಕೆಂಡುಗಳು ಕಣ್ಣೆದುರೇ ಇದ್ದೂ ಕಂಡಿರಲಿಲ್ಲ.

"ಹೊಳೆ ತಿರುವಿನಲ್ಲೂ ಹಾಗೇ ಆಯ್ತು ಅಲ್ವಾಮ್ಮ?" ಎಂದು ಅತ್ತೆ ಆಕೆಯ ಕಡೆ ತಿರುಗಿದರು.

ಆಕೆ ಹೌದೆಂದು ತಲೆಯಾಡಿಸಿದರು. "ಎದುರಿಂದ ಬಸ್ಸು ಬರ್ತಿತ್ತು. ನಾವು ಅದರ ದಾರಿಗೇ ಹೋಗ್ತಿದ್ವಿ. ರೀ ಅಂದೆ, ರೀ ರೀ ಅಂದೆ, ಕೇಳಿಸ್ಲೇ ಇಲ್ಲ. ಕಣ್ಣು ತೆರೆದೇ ಇತ್ತು. ನಾನು ಸ್ಟೀರಿಂಗ್ ಎಳೆದೆ. ಬಸ್ಸು ಹೋದ್ಮೇಲೆ ಇವರು ನನ್ನ ನೋಡಿ, ಯಾಕೆ ಕೈ ಹಾಕ್ದೆ ಅಂತ ಬೈದ್ರು. ನಾನು ಹೇಳ್ದೆ. ಎರಡು ಸಲ ಹೇಳ್ದೆ. ಡಾಕ್ಟರ ಹತ್ರ ಹೋಗೋಣ ಅಂದೆ. ದಿನಾ ಊರವರ ಕಣ್ಣು ನೋಡೋನು ನಾನು, ನನಗೇನಾಗಿದೆ ಅಂದ್ರು."

"ನನಗೆ ಹೇಳಬಾರದಿತ್ತಾ ಅತ್ತಿಗೆ?" ಎಂದ ತಮ್ಮ.

"ನಿಮಗೆ ಹೇಳಿದ್ರೆ ಮಾರನೇ ದಿನವೇ ಕಾರು ಮಾರ್ತಿದ್ರಿ. ಇವರ ಆರು ವರ್ಷ ಇದರಲ್ಲಿದೆ. ಅದನ್ನ ಕಿತ್ಕೊಂಡು ನಾನು ಇವರ ಮುಖ ಹೇಗೆ ನೋಡ್ಲಿ? ಭಾನುವಾರ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಪುಸ್ತಕ ನೋಡ್ಕೊಂಡು ಒಂದೊಂದು ತೆಗೆದೆ. ಈ ವಾರ ಉಳಿದ್ರೆ ಮುಂದಿನ ವಾರ ನೋಡ್ಕೊಳ್ಳೋಣ ಅಂತ." ಆಕೆ ಕೈಚೀಲದಿಂದ ಬಿಳಿ ಬಟ್ಟೆಯ ಪೊಟ್ಟಣ ತೆಗೆದು ಬಾನೆಟ್ಟಿನ ಮೇಲಿಟ್ಟರು.

ಕನ್ನಡಕದವರು ಅದನ್ನು ಮುಟ್ಟಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಆ ಮೌನ ಹಿಂದಿನಂಥದಲ್ಲವೆಂದು ನಮಗೆಲ್ಲ ಗೊತ್ತಿತ್ತು, ಆದರೂ ನಾವೆಲ್ಲ ಅವರ ಕಣ್ಣನ್ನೇ ನೋಡುತ್ತಿದ್ದೆವು. ರೆಪ್ಪೆ ಬಡಿಯಿತು.

"ಎಷ್ಟು ಸಲ ಆಗಿದೆ ಹೀಗೆ?"

"ನಾನು ಕಂಡಿದ್ದು ಹದಿನೇಳು."

"ಆಗೆಲ್ಲ ನೀನೇನು ಮಾಡ್ತೀಯ?"

"ಕಾಯ್ತೀನಿ" ಎಂದರು ಆಕೆ. "ಎಣಿಸ್ತಾ ಕಾಯ್ತೀನಿ. ಬರ್ತೀರಿ."

ಮೇಷ್ಟ್ರು ಕೆಮ್ಮಿದರು. ಬಿದ್ದ ಬಿಲ್ಲನ್ನು ಎತ್ತಿಕೊಂಡು, "ನಾನು ಹೊರಡ್ತೀನಿ, ಹುಡುಗರು ಬಂದಿರ್ತಾರೆ" ಎಂದು ಯಾರ ಮುಖವನ್ನೂ ನೋಡದೆ ಮಂಜಿನೊಳಗೆ ಹೋದರು. ಕನ್ನಡಕದವರು ಹೆಂಡತಿಯ ಪಕ್ಕಕ್ಕೆ ಬಂದು ನಿಂತು, ಅಂಟು ಒಣಗಿದ ಆ ಬೆರಳುಗಳನ್ನು ಹಿಡಿದುಕೊಂಡರು. "ನಾನು ಊರೆಲ್ಲ ಕೊಲೆಗಾರನ್ನ ಹುಡುಕಿದೆ" ಎಂದರು.

ಅತ್ತೆ ಮಂಡಿ ಒತ್ತಿ ಎದ್ದರು. "ಡಾಕ್ಟರಿಗೆ ಶುಕ್ರವಾರವೇ ಫೋನ್ ಮಾಡಿದ್ದೀನಿ. ನಾಳೆ ಹತ್ತು ಗಂಟೆಗೆ ಬರಹೇಳಿದ್ದಾರೆ. ಹೀಗೆ ಗಳಿಗೆ ಹೊತ್ತು ಎಚ್ಚರ ತಪ್ಪೋದು ಎಷ್ಟೋ ಜನಕ್ಕೆ ಇರುತ್ತಂತೆ, ಮಾತ್ರೆಗೆ ಬಗ್ಗುತ್ತಂತೆ. ನಿಮ್ಮ ತಪ್ಪೂ ಅಲ್ಲ, ನಾಚಿಕೆಪಡೋದೂ ಅಲ್ಲ. ಕಾರು ಓಡಿಸೋದು ಮಾತ್ರ ಅವರು ಹೂಂ ಅನ್ನೋವರೆಗೂ ಇಲ್ಲ."

"ಮಾರೋ ಮಾತು ಇನ್ನು ನಾನು ಎತ್ತಲ್ಲ ಅಣ್ಣ" ಎಂದ ತಮ್ಮ, ತಾನೇ ಬೈಸಿಕೊಂಡವನಂತೆ.

*

ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಮಾತ್ರೆ ಬರೆದರು. ಒಂದು ವರ್ಷ ಪೂರ್ತಿ ಒಂದು ಸಲವೂ ಹಾಗಾಗದಿದ್ದರೆ ಕಾರು ಓಡಿಸುವ ಮಾತು ಆಮೇಲೆ ನೋಡೋಣ ಎಂದರು. ಮೊದಲ ತಿಂಗಳು ಕನ್ನಡಕದವರು ಶೆಡ್ಡಿನ ಕಡೆ ಕಾಲೇ ಹಾಕಲಿಲ್ಲ. ಆಮೇಲೆ ಒಂದು ದಿನ ಬಂಪರು ಸರಿಮಾಡುವ ಸುತ್ತಿಗೆಯ ಸದ್ದು ಕೇಳಿಸಿತು. ಜಾಕ್ ಹಾಕುವ ಕೆಲಸವಿದ್ದಾಗ ಜೊತೆಗೆ ಯಾರಾದರೂ ಇರಲೇಬೇಕೆಂದು ಅವರೇ ನಿಯಮ ಮಾಡಿಕೊಂಡರು. ಒಂದೊಂದು ಸಲ ನಾನೂ ಹೋಗಿ ಬಿಸಿಲಿನ ಕೋಲಿನಲ್ಲಿ ಕೂತು ಕರಡು ತಿದ್ದುತ್ತಿದ್ದೆ.

ಇನ್ನೊಂದು ಚಳಿಗಾಲ ಬರುವ ಮೊದಲೇ ಮನೆಯಾಕೆ ಮೈದುನನ ಹತ್ತಿರ ಕಾರು ಕಲಿತರು. ಮೊದಲ ಭಾನುವಾರ ಅವರು ಅದನ್ನು ಹೊರಗೆ ತಂದಾಗ ಅತ್ತೆ ಮತ್ತು ನಾನು ಗೇಟಿನಲ್ಲಿ ನಿಂತಿದ್ದೆವು. ಗಂಡ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು, ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು, "ಈಗ ಎರಡನೇ ಗೇರು. ಅವಸರ ಬೇಡ. ಅದೇ ಕೇಳುತ್ತೆ ನೋಡು" ಎನ್ನುತ್ತಿದ್ದರು. ಗೋಡೆಯ ಆಚೆ ಪಿಟೀಲುಗಳು ಒಂದು ಗಳಿಗೆ ನಿಂತವು, ಯಾರೂ ಬೈಯಲಿಲ್ಲ.

ಕಾರು ಬೀದಿಯ ತುದಿಯವರೆಗೆ ಹೋಗಿ, ಅಲ್ಲಿ ಒಂದು ಸಲ ಜಗ್ಗಿ, ನಿಂತುಬಿಟ್ಟಿತು.

"ಅಯ್ಯೋ, ಕೆಟ್ಟಿತು" ಎಂದು ನಾನು ಓಡಲು ಹೊರಟೆ.

ಅತ್ತೆ ನನ್ನ ತೋಳು ಹಿಡಿದರು. "ಬಿಡೇ. ಕ್ಲಚ್ಚು ಬೇಗ ಬಿಟ್ಲು ಅಷ್ಟೇ."

ದೂರದಲ್ಲಿ ಇಬ್ಬರ ನಗು ಕೇಳಿಸಿತು. ಎಂಜಿನ್ ಮತ್ತೆ ಹತ್ತಿಕೊಂಡಿತು. ಕಡುಹಸಿರು ಬಣ್ಣ ಮೊದಲು ಬೂದುಬಣ್ಣವಾಯಿತು, ಆಮೇಲೆ ಮಂಜೇ ಆಯಿತು. ಸದ್ದು ಮಾತ್ರ ಬಹಳ ದೂರದವರೆಗೆ, ಎಲ್ಲೂ ತಡವರಿಸದೆ, ಕೇಳಿಸುತ್ತಲೇ ಇತ್ತು.